ಗಾಳ, ಎರೆ, ಬರಹ: ‘ಮತ್ಸ್ಯವಿನೋದ’ದಿಂದ ಹಗರಿಯವರೆಗೆ

ಇವತ್ತಿನ ನನ್ನ ಪ್ರಬಂಧ ಗಾಳದ ಮೀನುಗಾರಿಕೆಯನ್ನು ಕುರಿತದ್ದು. ಕನ್ನಡ ಸಾಹಿತ್ಯದ ವಿಚಾರ ಸಂಕಿರಣದಲ್ಲಿ ಮೀನಿಗೇನು ಕೆಲಸ ಅಂತ ನೀವು ಕೇಳಬಹುದು. ನನ್ನ ವಾದ ಇಷ್ಟೇ: ಗಾಳ ಹಾಕಿ ಕೂತವನಷ್ಟು ಹೊತ್ತು ನದಿಯನ್ನು ನೋಡುವವರು ಕಡಿಮೆ. ಆ ನೋಟ ಬರಹಕ್ಕೆ ಇಳಿದಾಗ ಅದು ನದಿಯ ಪರವಾದ ಸಾಕ್ಷಿಯಾಗುತ್ತದೆ. ಇಳಿಯದಿದ್ದರೆ ಮೀನಿನ ಜೊತೆ ಮಾತೂ ಹೋಗುತ್ತದೆ. ಇದನ್ನು ಒಂದು ಹಳೆಯ ಗ್ರಂಥ, ಕಾವೇರಿಯ ಒಂದು ಲೆಕ್ಕದ ಪುಸ್ತಕ, ನಮ್ಮ ಕಡೆಯ ಹಗರಿ ನದಿ, ಈ ಮೂರರ ಮೂಲಕ ನೋಡೋಣ.

1. ಎರೆ ಅನ್ನುವ ಮಾತು

ಮೊದಲು ಮಾತಿನಿಂದಲೇ ಶುರು ಮಾಡುತ್ತೇನೆ. ‘ಗಾಳ ಹಾಕು’, ‘ಬಲೆಗೆ ಬೀಳು’ ಅಂದರೆ ಇವತ್ತು ನಮಗೆ ಹೊಳೆಯುವುದು ಮೋಸ. ಆದರೆ ‘ಎರೆ’ ನೋಡಿ. ಎರೆ ಅಂದರೆ ಗಾಳಕ್ಕೆ ಚುಚ್ಚುವ ತಿನಿಸು. ಹಕ್ಕಿ ಹಾವುಗಳ ಆಹಾರವೂ ಹೌದು. ಎರೆಹುಳು ಅನ್ನುವಾಗ ಆ ಪದ ನಮ್ಮ ಬಾಯಲ್ಲಿ ಇನ್ನೂ ಇದೆ, ಅದರ ಹಿಂದಿನ ಮೀನು ಮಾತ್ರ ನೆನಪಿಲ್ಲ. ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲ: ತೆಲುಗಿನಲ್ಲಿ ಅದು ‘ಎರ’, ಗಾಳ ‘ಗಾಲಂ’, ಬಲೆ ‘ವಲ’. ರಾಯದುರ್ಗದ ಸಂತೆಯಲ್ಲಿ ಎರಡು ಭಾಷೆಯವರೂ ಇವನ್ನು ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಮೀನಿಗೆ ಮೋಸ ಮಾಡಬೇಕಾದರೂ ಮೊದಲು ಅದರ ಊಟ ಏನು ಅಂತ ತಿಳಿದಿರಬೇಕು. ಗಾಳದ ವಿದ್ಯೆಯೆಲ್ಲ ಇರುವುದು ಇಲ್ಲಿಯೇ.

2. ಸೋಮೇಶ್ವರನ ವಿನೋದ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ವಿಶ್ವಕೋಶ. ‘ಅಭಿಲಷಿತಾರ್ಥಚಿಂತಾಮಣಿ’ ಅಂತಲೂ ಅದಕ್ಕೆ ಹೆಸರು. ಅದರಲ್ಲಿ ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಬರುತ್ತದೆ. ಮಡಕಶಿರಾ ಕಡೆಯ ಹೇಮಾವತಿ, ಅಂದರೆ ಹಳೆಯ ಹೆಂಜೇರು, ರಾಜಧಾನಿಯಾಗಿದ್ದ ನೊಳಂಬವಾಡಿ ಆಗ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಹಾಗಾಗಿ ಇದು ನಮ್ಮ ನೆಲದ ದೊರೆಯ ಪುಸ್ತಕವೇ.

ಅದರಲ್ಲಿ ಸುಮಾರು 35 ಬಗೆಯ ಮೀನುಗಳಿವೆ. ಸಮುದ್ರದವು, ಹೊಳೆಯವು, ಹುರುಪೆ ಇರುವವು, ಇಲ್ಲದವು, ಹೀಗೆ ವಿಂಗಡಣೆ. ಕೋಲು, ದಾರ, ಕೊಕ್ಕೆಯ ವಿವರಗಳೂ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಉಣಿಸಿನ ಭಾಗ. ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆ ಎಂದು ಗ್ರಂಥ ಬೇರೆ ಬೇರೆಯಾಗಿ ಹೇಳುತ್ತದೆ. ಮೀನಿಗೆ ಮೊದಲು ಉಣಿಸಿ, ಆ ಜಾಗಕ್ಕೆ ಅದು ಹೊಂದಿಕೊಂಡ ಮೇಲೆ ಗಾಳ. 1951ರಲ್ಲಿ ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ ಈ ಅಧ್ಯಾಯದ ಮೀನುಗಳನ್ನು ಗುರುತಿಸಲು ಕೂತದ್ದು ಸುಮ್ಮನೆ ಅಲ್ಲ. ರಾಜನ ಮೋಜಿಗೆ ಬರೆದದ್ದು 800 ವರ್ಷ ಕಳೆದ ಮೇಲೆ ವಿಜ್ಞಾನಕ್ಕೆ ಆಕರವಾಯಿತು.

3. ಹುಸಿನೊಣ

ಇಂಗ್ಲೆಂಡಿನಲ್ಲಿ ಗಾಳದ ಮೇಲಿನ ಮೊದಲ ಅಚ್ಚಾದ ಪ್ರಬಂಧ ಬಂದದ್ದು 1496ರಲ್ಲಿ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿನಲ್ಲಿ ಅದು ಪ್ರಸಿದ್ಧ. ಅದರಲ್ಲಿ 12 ಬಗೆಯ ಹುಸಿನೊಣಗಳನ್ನು ಕಟ್ಟುವ ವಿಧಾನವಿದೆ. ಇದೇ ಫ್ಲೈ ಫಿಶಿಂಗ್. ಮಾಮೂಲಿ ಗಾಳದಲ್ಲಿ ಎರೆಯ ಅಥವಾ ಸೀಸದ ಗುಂಡಿನ ಭಾರ ದಾರವನ್ನು ದೂರ ಎಳೆದೊಯ್ಯುತ್ತದೆ. ಇಲ್ಲಿ ಉಲ್ಟಾ. ಗರಿ, ಕೂದಲು, ನೂಲಿನಿಂದ ಕಟ್ಟಿದ ನೊಣಕ್ಕೆ ತೂಕವೇ ಇಲ್ಲ. ದಾರವೇ ದಪ್ಪ, ಅದರ ಭಾರ ನೊಣವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಕೋಲನ್ನು ಹಿಂದೆ ಮುಂದೆ ಬೀಸಿ ದಾರವನ್ನು ಗಾಳಿಯಲ್ಲಿ ಬಿಚ್ಚುವ ಕೈಚಳಕ ಬೇಕು. ಯಾವ ತಿಂಗಳಲ್ಲಿ ಯಾವ ಹುಳ ನೀರಿನಿಂದ ಏಳುತ್ತದೆ ಅನ್ನುವುದೂ ಗೊತ್ತಿರಬೇಕು. ಸೋಮೇಶ್ವರನ ಹಿಟ್ಟಿನುಂಡೆಗೂ ಈ ನೊಣಕ್ಕೂ ತಿಳಿವಳಿಕೆ ಒಂದೇ: ಮೀನು ಏನು ತಿನ್ನುತ್ತದೆ?

ಈ ಕಲೆಗೆ ನಮ್ಮ ಕಾಡೂ ಕಪ್ಪ ಕೊಟ್ಟಿದೆ. ದಕ್ಷಿಣ ಭಾರತದ ಬೂದು ಕಾಡುಕೋಳಿಯ ಕತ್ತಿನ ಗರಿಗಳಲ್ಲಿ ಮೇಣ ಮೆತ್ತಿದಂಥ ಹೊಳಪಿನ ಚುಕ್ಕೆಗಳಿರುತ್ತವೆ. ಸಾಲ್ಮನ್ ಮೀನಿನ ನೊಣಗಳಿಗೆ ಅವು ಬೇಕೇ ಬೇಕು ಅಂತ ರಾಶಿ ರಾಶಿ ಹಡಗು ಹತ್ತಿದವು. ಕಾಡುಕೋಳಿಗೆ ಇವತ್ತು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಸೂಕ್ಷ್ಮ ಕಲೆ ಅಂದ ಮಾತ್ರಕ್ಕೆ ಅದು ನಿರಪರಾಧಿ ಅಲ್ಲ, ಇದನ್ನೂ ಹೇಳಬೇಕು.

4. ಗಾಳಿಬೋರೆಯ ಲೆಕ್ಕ

ಈಗ ಕಾವೇರಿಗೆ ಬರೋಣ. ಅಲ್ಲಿನ ಡುಬ್ಬ ಬೆನ್ನಿನ ಮಹಶೀರ್ ಲೋಕಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡಿನದು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಡಿದು ತೂಗಿ ಮತ್ತೆ ನೀರಿಗೆ ಬಿಡುವ ಶಿಬಿರಗಳು ನಡೆದವು.

ಗಾಳಿಬೋರೆಯಲ್ಲಿ ಹಿಡಿದದ್ದನ್ನೆಲ್ಲ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕದಲ್ಲಿ 23,620 ಗಂಟೆಗಳ ಗಾಳ, 6,161 ಮಹಶೀರ್ ಇವೆ. 2015ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅದನ್ನು ವಿಶ್ಲೇಷಿಸಿದರು. ಹೊರಗಿನಿಂದ ತಂದು ಬಿಟ್ಟಿದ್ದ ನೀಲಿರೆಕ್ಕೆಯ ಮಹಶೀರ್ ಹೆಚ್ಚಾಗಿತ್ತು. ಕಾವೇರಿಯದೇ ಆದ ಡುಬ್ಬ ಬೆನ್ನಿನದು ಸಂಖ್ಯೆಯಲ್ಲಿ ಇಳಿದಿತ್ತು, ಸಿಕ್ಕವುಗಳ ತೂಕ ಮಾತ್ರ ಏರುತ್ತಿತ್ತು. ಇದನ್ನು ಓದುವುದು ಹೇಗೆ? ದೊಡ್ಡ ಮೀನು ಸಿಕ್ಕಿತು ಅಂತ ಒಬ್ಬೊಬ್ಬ ಗಾಳಗಾರನೂ ಖುಷಿಪಟ್ಟಿರುತ್ತಾನೆ. ಎಲ್ಲರ ಲೆಕ್ಕ ಸೇರಿಸಿದಾಗ ಕಂಡದ್ದು, ಮರಿಗಳೇ ಬರುತ್ತಿಲ್ಲ, ಉಳಿದವು ಮುದಿ ಮೀನುಗಳು ಅನ್ನುವ ಸತ್ಯ. 150 ವರ್ಷ ಹೆಸರುವಾಸಿಯಾಗಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.

ವನ್ಯಜೀವಿ ಧಾಮದಲ್ಲಿ ಗಾಳ ನಿಂತ ಮೇಲೆ ಆ ಲೆಕ್ಕವೂ ನಿಂತಿತು. ಗಾಳ ಮತ್ತೆ ಬರಲಿ ಅಂತ ನಾನು ವಾದಿಸುತ್ತಿಲ್ಲ. ಕೊಕ್ಕೆ ಇಲ್ಲದೆಯೂ ಮೀನನ್ನು ಅರಿಯಬಹುದು; ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಜನ ಮಾಡುವುದು ಅದನ್ನೇ. 1996ರಲ್ಲಿ ಶಿಶಿಲದ ಮೀನುಗಳಿಗೆ ಯಾರೋ ವಿಷ ಹಾಕಿದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವಿದೆ. ಅದೂ ಒಂದು ಬರಹವೇ.

5. ಹಗರಿ

ಹಗರಿ ಅಂದರೆ ವೇದಾವತಿ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ, ಹಿರಿಯೂರಿನ ಮಾರಿಕಣಿವೆ ದಾಟಿ, ರಾಯದುರ್ಗ ಸೀಮೆಗೆ ಬಂದು ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆಕಟ್ಟೆಗೆ ಸಿಕ್ಕಿ, ಕೊನೆಗೆ ತುಂಗಭದ್ರೆಗೆ ಸೇರುತ್ತದೆ. ಮಾರಿಕಣಿವೆಯ ಅಣೆಕಟ್ಟು 1907ರದು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಮೂರು ತಲೆಮಾರು ಬಂದುಹೋದವು. ಕಣೇಕಲ್ ಕಡೆ ಹೋದರೆ ಹೊಲದ ಮೇಲೆ ಹಗರಿಯ ಮರಳು ದಿಬ್ಬವಾಗಿ ಕೂತಿರುವುದು ಕಾಣುತ್ತದೆ. ಆ ಮರಳಿನ ಎದುರು ನಿಂತು ಮೀನಿನ ಮಾತು ಆಡಿದರೆ ನಗು ಬರಬಹುದು.

ಆದರೆ ಕೊರವ, ಬಾಳೆ ಅನ್ನುವ ಹೆಸರುಗಳೂ ತೆಲುಗಿನ ಕೊರಮೀನು, ವಾಲುಗಗಳೂ ಕೆರೆ ಹೊಳೆಗಳ ಪಕ್ಕದಲ್ಲೇ ಬೆಳೆದವು. ಮಡು ಯಾವುದು, ಹೊಸನೀರು ಬಂದಾಗ ಯಾವ ಮೀನು ಏರುತ್ತದೆ, ಯಾವುದಕ್ಕೆ ಯಾವ ಎರೆ, ಇದೆಲ್ಲ ಹಿರಿಯರ ಬಾಯಲ್ಲಿದೆ, ಎರಡು ಭಾಷೆ ಬೆರೆತ ಬಾಯಲ್ಲಿ. ನಾವು ಹಾಡು, ಒಗಟು, ಗಾದೆ ಸಂಗ್ರಹಿಸಲು ಹೋಗುತ್ತೇವಲ್ಲ, ಆ ಹಾಳೆಗೆ ಐದು ಕಲಂ ಸೇರಿಸೋಣ: ಮೀನಿನ ಹೆಸರು, ಕಂಡ ಜಾಗ, ತಿಂಗಳು, ಎರೆ, ಕೊನೆಯ ಸಲ ಕಂಡ ವರ್ಷ. ಐದನೆಯ ಕಲಮ್ಮೇ ಮುಖ್ಯ. ಗಾಳಿಬೋರೆಯಲ್ಲಿ ಒಂದು ಸಾಲು ಒಬ್ಬನ ಖುಷಿ, 6,161 ಸಾಲು ಒಂದು ನದಿಯ ಸಾಕ್ಷಿ. ಹಗರಿಗೆ ನೂರು ಸಾಲು ಸೇರಿದರೂ, ಇದು ಮೊದಲಿನಿಂದಲೂ ಬರೀ ಮರಳೇ ಅಂತ ನಾಳೆ ಯಾರೂ ಹೇಳಲಾರರು.

ಪ್ರಶ್ನೆಗಳಿದ್ದರೆ ಕೇಳಿ.