ಪ್ಯೂರ್ ಡೇಟಾದ ಹೊರಘಟಕಗಳು

ಮಿಲ್ಲರ್ ಪಕೆಟ್ ಅವರು 1990ರ ದಶಕದಲ್ಲಿ ರೂಪಿಸಿದ ‘ಪ್ಯೂರ್ ಡೇಟಾ’, ಧ್ವನಿರಚನೆಯನ್ನು ಪೆಟ್ಟಿಗೆಗಳು ಮತ್ತು ಗೆರೆಗಳ ಮೂಲಕ ಬರೆಯುವ ಮುಕ್ತ ತಂತ್ರಾಂಶ. ಅದರ ಮೂಲದಲ್ಲಿಲ್ಲದ ಕ್ರಿಯೆಗಳನ್ನು ‘ಎಕ್ಸ್‌ಟರ್ನಲ್’ ಎಂಬ ಹೊರಘಟಕಗಳು ಒದಗಿಸುತ್ತವೆ. ಪೆಟ್ಟಿಗೆಯಲ್ಲಿ ಅಪರಿಚಿತ ಹೆಸರು ಕಂಡೊಡನೆ ತಂತ್ರಾಂಶವು ಆ ಹೆಸರಿನ ಕಡತವನ್ನು ಕೃತಿಯಿರುವ ಫೋಲ್ಡರಿನಲ್ಲೂ ಸೂಚಿತ ಹಾದಿಗಳಲ್ಲೂ ಹುಡುಕುತ್ತದೆ. ಸಿಗದಿದ್ದರೆ ಪೆಟ್ಟಿಗೆಯ ಅಂಚು ತುಂಡುಗೆರೆಯಾಗಿಯೇ ಉಳಿಯುತ್ತದೆ.

ರಾಸ್ಬೆರಿ ಪೈಯಂಥ ಪುಟ್ಟ ಲಿನಕ್ಸ್ ಗಣಕಗಳಲ್ಲಿ ಇನ್ನೊಂದು ತೊಡಕಿದೆ: ಕಡತ ಸಿಕ್ಕರೂ ತೆರೆಯದಿರಬಹುದು. ಮೇಜಿನ ಗಣಕದ ಇಂಟೆಲ್ ಸಂಸ್ಕಾರಕಕ್ಕೂ ಪೈಯ ಆರ್ಮ್ ಸಂಸ್ಕಾರಕಕ್ಕೂ ಯಂತ್ರಭಾಷೆ ಬೇರೆ. ಕಡತನಾಮದ ಕೊನೆಯ ‘ಪಿಡಿ_ಲಿನಕ್ಸ್’ ಮಾತ್ರ ಎರಡರಲ್ಲೂ ಒಂದೇ ಆಗಿರಬಲ್ಲದು. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳುವನ್ನು ಓದಬಲ್ಲವರೆಲ್ಲ ತುಳು ಬಲ್ಲವರಲ್ಲವೆಂಬುದು ಕಾಸರಗೋಡಿನವರಿಗೆ ಹೊಸತಲ್ಲ. ಆರ್ಮ್‌ನಲ್ಲಿಯೂ 32 ಬಿಟ್‌ನ ಘಟಕ 64 ಬಿಟ್‌ನ ಪ್ಯೂರ್ ಡೇಟಾಕ್ಕೆ ಒಗ್ಗದು. 0.47ನೆಯ ಆವೃತ್ತಿಯಿಂದ ಜೊತೆಗೇ ಬರುವ ‘ಡೆಕೆನ್’, ಗಣಕಕ್ಕೆ ಹೊಂದುವ ಪ್ರತಿ ಇದ್ದರೆ ಹುಡುಕಿಕೊಡುತ್ತದೆ. ಇಲ್ಲದಿದ್ದಲ್ಲಿ ಮೂಲಸಂಕೇತದಿಂದ ಕಂಪೈಲ್ ಮಾಡಿಕೊಳ್ಳಬೇಕು.

ನಿಜವಾದ ನಷ್ಟವಿರುವುದು ಮೂಲಸಂಕೇತವೇ ಕಳೆದುಹೋದಲ್ಲಿ. ಅನೇಕ ಹೊರಘಟಕಗಳನ್ನು ಒಟ್ಟಿಗೆ ಕಟ್ಟಿಕೊಡುತ್ತಿದ್ದ ‘ಪಿಡಿ-ಎಕ್ಸ್‌ಟೆಂಡೆಡ್’ನ ಆವೃತ್ತಿಗಳು 2013ರ ಬಳಿಕ ನಿಂತವು. ಅದನ್ನು ನಂಬಿ ರಚಿತವಾದ ಕೃತಿಯನ್ನು ಇಂದು ಪೈಯಲ್ಲಿ ನುಡಿಸಬೇಕಾದರೆ ಒಂದೊಂದು ಪೆಟ್ಟಿಗೆಗೂ ವಾರಸುದಾರರನ್ನು ಹುಡುಕಬೇಕಾಗುತ್ತದೆ.