ಆತ್ಮಾವಲೋಕನ: ದಿನನಿತ್ಯದ ಬದುಕನ್ನು ಒರೆಗೆ ಹಚ್ಚುವ ಬಗೆ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಒಮ್ಮೆಯಾದರೂ ಹೋಗದ ಬೆಂಗಳೂರಿಗರು ವಿರಳ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಸ್ಥಾಪಿಸಿದ ಮೇಲೆ ಅದರ ಆಸರೆಯಲ್ಲಿ ಬೆಳೆದ ಪೇಟೆ ಬೀದಿಗಳಲ್ಲಿ ಇದೂ ಒಂದು. ಕಾಮರಾಜ ರಸ್ತೆಯಿಂದ ಒಳಗೆ ಹೆಜ್ಜೆಯಿಟ್ಟರೆ ಬಟ್ಟೆ, ಪಾದರಕ್ಷೆ, ಬಳೆ, ಬೆಳ್ಳಿ ಬಂಗಾರದ ಅಂಗಡಿಗಳ ಸಾಲು. ಕನ್ನಡ, ತಮಿಳು, ಉರ್ದು, ಹಿಂದಿಗಳಲ್ಲಿ ನಡೆಯುವ ಚೌಕಾಸಿ. ಆತ್ಮಾವಲೋಕನದಂತಹ ವಿಷಯವನ್ನು ವಿವರಿಸಲು ಇಂತಹ ಗದ್ದಲದ ಬೀದಿಯನ್ನೇಕೆ ಆರಿಸಿಕೊಂಡೆವು ಎಂದು ತಾವು ಕೇಳಬಹುದು.

ಕಾರಣ ಸರಳವಾಗಿದೆ. ನಮ್ಮ ಶರಣರು ಸಾಧನೆಗಾಗಿ ಅರಣ್ಯವನ್ನು ಅರಸಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವ ಗೋಷ್ಠಿಗೆ ಕುಳಿತವರು ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿಯೇ ಅವರವರ ಕಾಯಕವಿದೆ. ಬಸವಣ್ಣನವರು ಸ್ವತಃ ಮಂಗಳವೇಡೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದವರು. ದುಡಿಯುವ ಸ್ಥಳವೇ ತಮ್ಮನ್ನು ಪರೀಕ್ಷಿಸಿಕೊಳ್ಳುವ ಸ್ಥಳವೆಂದು ಬಗೆದ ಪರಂಪರೆ ನಮ್ಮದು. ಆದುದರಿಂದ ಅಂಗಡಿ ಬೀದಿಯಲ್ಲಿ ನಿತ್ಯ ಬಳಕೆಯಲ್ಲಿರುವ ಎರಡು ಸಾಧನಗಳನ್ನೂ, ಕಲ್ಯಾಣದ ಒಂದು ಮನೆಯ ಪ್ರಸಂಗವನ್ನೂ ಮುಂದಿಟ್ಟುಕೊಂಡು ಈ ವಿಚಾರವನ್ನು ನೋಡೋಣ.

ತಕ್ಕಡಿ ಕಲಿಸುವ ಪಾಠ

ವ್ಯಾಪಾರಕ್ಕೆ ಬಳಸುವ ತೂಕ, ಅಳತೆಯ ಸಾಧನಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರಿಶೀಲಿಸಿ ಮುದ್ರೆ ಹಾಕಬೇಕೆಂಬುದು 2009ರ ಕಾಯಿದೆಯ ನಿಯಮ. ಒಮ್ಮೆ ಮುದ್ರೆ ಬಿದ್ದರೆ ಆಯಿತೆಂದಿಲ್ಲ. ವಿದ್ಯುನ್ಮಾನ ತಕ್ಕಡಿಯನ್ನು ವರ್ಷಕ್ಕೊಮ್ಮೆ, ಬಟ್ಟೆ ಅಳೆಯುವ ಮೀಟರ್ ಕೋಲನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಒಡ್ಡಬೇಕು.

ಇದರ ಹಿಂದಿರುವ ತಿಳಿವಳಿಕೆಯನ್ನು ಗಮನಿಸಬೇಕು. ವ್ಯಾಪಾರಿಗಳೆಲ್ಲರೂ ಮೋಸಗಾರರೆಂಬ ಅನುಮಾನದಿಂದ ಮಾತ್ರ ಈ ನಿಯಮ ಹುಟ್ಟಿಲ್ಲ. ಪ್ರಾಮಾಣಿಕನ ತಕ್ಕಡಿಯೂ ಬಳಸುತ್ತ ಬಳಸುತ್ತ ಸವೆಯುತ್ತದೆ, ಧೂಳು ಕೂರುತ್ತದೆ, ಒಂದೆರಡು ಗ್ರಾಂ ಆಚೀಚೆಯಾಗುತ್ತದೆ. ದಿನವೂ ಅದನ್ನೇ ನೋಡುವ ಕಣ್ಣಿಗೆ ಆ ವ್ಯತ್ಯಾಸ ತಿಳಿಯದು.

ಮನಸ್ಸಿನ ಸ್ಥಿತಿಯೂ ಹೀಗೆಯೇ. ನಮ್ಮಲ್ಲಿ ಬಹುಮಂದಿ ಒಂದೇ ದಿನದಲ್ಲಿ ದಾರಿ ತಪ್ಪುವವರಲ್ಲ. ಮೊದಲು ಗಿರಾಕಿಗೆ ಒಂದು ಸಣ್ಣ ಸುಳ್ಳು, ಬಳಿಕ ಪಾಲುದಾರನಿಗೆ ಒಂದು ಮುಚ್ಚುಮರೆ, ಆಮೇಲೆ ದಿನದ ದಣಿವನ್ನೆಲ್ಲ ಮನೆಯವರ ಮೇಲೆ ತೀರಿಸಿಕೊಳ್ಳುವ ಸಿಡುಕು. ಪ್ರತಿಯೊಂದೂ ಒಂದೊಂದು ಗ್ರಾಂ. ವರ್ಷಗಳು ಉರುಳಿದ ಮೇಲೆ, ಮಕ್ಕಳು ನಮ್ಮ ಹೆಜ್ಜೆಯ ಸಪ್ಪಳಕ್ಕೇ ಮಾತು ನಿಲ್ಲಿಸುವ ಕಾಲ ಬಂದಾಗ, ಇದು ಎಂದು ಆರಂಭವಾಯಿತೆಂದು ಯಾರಿಗೂ ಹೇಳಲಾಗದು. ಆದುದರಿಂದ ಆತ್ಮಾವಲೋಕನವೆಂಬುದು ದೊಡ್ಡ ತಪ್ಪು ನಡೆದಾಗ ಮಾತ್ರ ಮಾಡುವ ಪ್ರಾಯಶ್ಚಿತ್ತವಲ್ಲ. ಎಲ್ಲವೂ ಸರಿಯಾಗಿದೆ ಎನಿಸಿದಾಗಲೂ ನಿಗದಿತ ಅವಧಿಗೊಮ್ಮೆ ನಡೆಯಬೇಕಾದ ತಪಾಸಣೆ.

ಒರೆಗಲ್ಲು ಕಲಿಸುವ ಪಾಠ

ಎರಡನೆಯದು ಬಂಗಾರದ ಪರೀಕ್ಷೆ. ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿನ ಮೇಲೆ ಉಜ್ಜಿ, ಮೂಡಿದ ಗೆರೆಯ ಬಣ್ಣದಿಂದ ಅದರ ಗುಣವನ್ನು ಅಳೆಯುತ್ತಿದ್ದರು. ಇಂದು ಹಾಲ್‌ಮಾರ್ಕ್ ಮುದ್ರೆ ಬಂದಿದೆ. 2021ರ ಜೂನ್ 16ರಿಂದ ಮೊದಲ ಹಂತದಲ್ಲಿ ದೇಶದ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. 916 ಎಂಬ ಅಂಕಿಯಿದ್ದರೆ ಸಾವಿರ ಭಾಗದಲ್ಲಿ 916 ಭಾಗ ಶುದ್ಧ ಚಿನ್ನ, ಅಂದರೆ 22 ಕ್ಯಾರೆಟ್ ಎಂದರ್ಥ. ಜೊತೆಗೆ ಪ್ರತಿ ಆಭರಣಕ್ಕೂ ಅಕ್ಷರ, ಅಂಕಿಗಳು ಸೇರಿದ ಆರು ಸ್ಥಾನಗಳ ಗುರುತುಸಂಖ್ಯೆಯಿರುತ್ತದೆ.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಆ ಮುದ್ರೆಯನ್ನು ಮಾರುವವನು ತಾನೇ ಹಾಕಿಕೊಳ್ಳುವಂತಿಲ್ಲ. ಮಾನ್ಯತೆ ಪಡೆದ ಪ್ರತ್ಯೇಕ ಪರೀಕ್ಷಾ ಕೇಂದ್ರದಲ್ಲಿ ಚಿನ್ನದ ತುಣುಕನ್ನು ಪರೀಕ್ಷಿಸಿದ ನಂತರವೇ ಮುದ್ರೆ ಬೀಳುತ್ತದೆ. ತನ್ನ ಸರಕಿನ ಶುದ್ಧತೆಗೆ ತಾನೇ ಸಾಕ್ಷಿಯಾದರೆ ಸಾಲದು.

ನಾವು ನಮ್ಮನ್ನು ನೋಡಿಕೊಳ್ಳುವಾಗ ಮರೆಯುವುದು ಇದನ್ನೇ. ಕಣ್ಣು ಮುಚ್ಚಿ ಕುಳಿತು ನಮ್ಮ ದಿನವನ್ನು ನೆನೆದರೆ ನ್ಯಾಯಾಧೀಶರೂ ನಾವೇ, ವಕೀಲರೂ ನಾವೇ. ಅವನು ಹಾಗೆಂದುದರಿಂದ ನಾನು ಹೀಗೆಂದೆ ಎಂಬ ಸಮರ್ಥನೆ ಸಿದ್ಧವಾಗಿಯೇ ಇರುತ್ತದೆ. ಹಾಗಾಗಿ ಪ್ರಾಮಾಣಿಕ ಆತ್ಮಾವಲೋಕನಕ್ಕೆ ಇನ್ನೊಂದು ಕಣ್ಣು ಬೇಕು: ಗುರುವಿನದೋ, ಸಂಗಾತಿಯದೋ, ಮುಖದ ಮೇಲೆ ಸತ್ಯ ನುಡಿಯಬಲ್ಲ ಸ್ನೇಹಿತನದೋ. ಅನುಭವ ಮಂಟಪದಲ್ಲಿ ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸಿದುದು ಈ ಕಾರಣಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ.

ಒಂದು ಹಿಡಿ ಹೆಚ್ಚಿನ ಅಕ್ಕಿ

ಈ ಎರಡೂ ಪಾಠಗಳು ಒಂದೇ ಕಡೆ ಕೂಡುವ ಪ್ರಸಂಗವೆಂದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು. ಇಂದಿನ ರಾಯಚೂರು ಜಿಲ್ಲೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ನೋಡಿದೊಡನೆಯೇ ವ್ಯತ್ಯಾಸ ಗುರುತಿಸಿ, ಇದು ಆಸೆಯ ಗುರುತೆಂದು ಎಚ್ಚರಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಮಾರಯ್ಯನವರು ಕದ್ದಿರಲಿಲ್ಲ. ನೆಲಕ್ಕೆ ಬಿದ್ದುದನ್ನೇ ಆಯ್ದಿದ್ದರು. ಯಾವ ಕಾನೂನಿನ ಕಣ್ಣಿಗೂ ಅದು ಅಪರಾಧವಲ್ಲ. ಆದರೂ ಅಳತೆ ತಪ್ಪಿತ್ತು. ಅದನ್ನು ಕಂಡದ್ದು ಸಂಗಾತಿಯ ಕಣ್ಣು. ಪತ್ನಿ ಪತಿಯನ್ನು ತಿದ್ದಿದುದು ಎಷ್ಟು ದೊಡ್ಡದೋ, ತಿದ್ದಿದಾಗ ಆತ ವಾದಿಸದೆ ಎದ್ದುಹೋದುದೂ ಅಷ್ಟೇ ದೊಡ್ಡದು. ಕಂಡ ತಪ್ಪನ್ನು ನೆನೆದು ನಿಟ್ಟುಸಿರಿಟ್ಟರೆ ಅವಲೋಕನ ಅರ್ಧವಾಯಿತು. ಅಕ್ಕಿ ಮರಳಿ ಅಂಗಳ ಸೇರಿದಾಗಲೇ ಅದು ಪೂರ್ಣ.

ನಮ್ಮ ಅಂಗಳ ಯಾವುದು?

ಇದನ್ನು ಇಂದಿನ ಅಂಗಡಿಗೆ ಅನ್ವಯಿಸೋಣ. ಮಳಿಗೆಗಳಲ್ಲಿ ಹೊತ್ತುಗಟ್ಟಲೆ ನಿಂತೇ ದುಡಿಯುವ ಹೆಣ್ಣುಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಕೇರಳದಲ್ಲಿ ಜವಳಿ ಅಂಗಡಿಗಳ ಮಹಿಳಾ ನೌಕರರು ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಬೇಕಾಯಿತು. 2018ರಲ್ಲಿ ಅಲ್ಲಿ ಕಾನೂನು ತಿದ್ದುಪಡಿಯಾಯಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಒಂದು ಕುರ್ಚಿಗಾಗಿ ಕಾನೂನು ಬೇಕಾಯಿತೆಂದರೆ, ಅದಕ್ಕೂ ಮೊದಲು ಎಷ್ಟು ಮಾಲೀಕರ ಕಣ್ಣಿಗೆ ಆ ದಣಿವು ಬೀಳಲಿಲ್ಲವೆಂದು ಯೋಚಿಸಬೇಕು. ಅವರಲ್ಲಿ ಬೆಳಗಿನ ಪೂಜೆ ತಪ್ಪಿಸದವರೂ ಇದ್ದಿರಬಹುದು. ನಮ್ಮ ಪಂಚಾಚಾರಗಳಲ್ಲಿ ಸದಾಚಾರವು ಶುದ್ಧ ಗಳಿಕೆಯನ್ನೂ, ಭೃತ್ಯಾಚಾರವು ಸೇವಕಭಾವವನ್ನೂ ಕಲಿಸುತ್ತವೆ. ಗಲ್ಲಾದ ಮುಂದೆ ಕುಳಿತವರು ಸೇವಕಭಾವವನ್ನು ಮರೆತರೆ, ಕರಸ್ಥಲದ ಲಿಂಗದ ಮೇಲೆ ನೆಟ್ಟ ದೃಷ್ಟಿ ಅಂಗೈಯಿಂದಾಚೆ ಹೋಗಲಿಲ್ಲವೆಂದೇ ಅರ್ಥ.

ಹಾಗೆಂದು ಇದು ವ್ಯಾಪಾರಿಗಳಿಗೆ ಮಾತ್ರ ಹೇಳಿದ ಮಾತಲ್ಲ. ಶಿಕ್ಷಕರಿಗೆ ತರಗತಿ, ಅಧಿಕಾರಿಗಳಿಗೆ ಕಡತ, ಗೃಹಿಣಿಯರಿಗೆ ಮನೆಗೆಲಸಕ್ಕೆ ಬರುವವರೊಡನೆ ಆಡುವ ಮಾತು, ಮಠದ ಕಾರ್ಯಕರ್ತರಾದ ನಮಗೆ ಭಕ್ತರ ಕಾಣಿಕೆಯ ಲೆಕ್ಕ. ಅವರವರ ಅಂಗಳ ಅವರವರಿಗೆ.

ಆಚರಣೆಗೆ ತರುವ ಬಗೆ

ಸಂಜೆಯ ಇಷ್ಟಲಿಂಗ ಪೂಜೆಯ ನಂತರ ಹತ್ತು ನಿಮಿಷ ಮೌನವಾಗಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇಂದು ನನಗೆ ಸಲ್ಲದ್ದು ಏನಾದರೂ ನನ್ನ ಬಳಿ ಉಳಿಯಿತೇ? ಹಣವಷ್ಟೇ ಅಲ್ಲ, ಬೇರೆಯವರ ದುಡಿಮೆಯ ಹೆಸರು, ಬೇರೆಯವರ ಸಮಯವೂ ಇದರಲ್ಲಿ ಸೇರುತ್ತವೆ. ಇಂದು ನನ್ನ ಮಾತಿನಿಂದ ಯಾರ ಮುಖ ಬಾಡಿತು? ನಾಳೆ ಯಾರಿಗೆ, ಏನನ್ನು ಹಿಂದಿರುಗಿಸಬೇಕು? ಮೂರನೆಯದಕ್ಕೆ ಒಂದು ಹೆಸರು, ಒಂದು ಕೆಲಸ ಉತ್ತರವಾಗಿ ದೊರೆಯಬೇಕು. ತಿಂಗಳಿಗೊಮ್ಮೆ ಮನೆಯವರಲ್ಲಿ, ನನ್ನಲ್ಲಿ ಏನು ಬದಲಾಗಬೇಕೆಂದು ಕೇಳಿ, ಉತ್ತರ ಮುಗಿಯುವವರೆಗೆ ಎದುರಾಡದೆ ಕೇಳಿಸಿಕೊಳ್ಳಬೇಕು. ಇದು ಕಠಿಣವಾದ ವ್ರತ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಒಂದು, ತನ್ನ ತಪ್ಪುಗಳನ್ನೇ ಸದಾ ಎಣಿಸುತ್ತ ಕೊರಗುವುದು ಅವಲೋಕನವಲ್ಲ. ಅಲ್ಲಿಯೂ ನಾನು ಎಂಬುದೇ ದೊಡ್ಡದಾಗಿರುತ್ತದೆ. ತಕ್ಕಡಿ ತಪ್ಪಿದ್ದರೆ ಸರಿಪಡಿಸಿ ಮತ್ತೆ ಬಳಸುತ್ತಾರೆಯೇ ಹೊರತು ಅದರ ಮುಂದೆ ಕುಳಿತು ಅಳುವುದಿಲ್ಲ. ಎರಡು, ಈ ಪ್ರಶ್ನೆಗಳನ್ನು ಬೇರೆಯವರ ಮೇಲೆ ಹೊರಿಸಬಾರದು. ಲಕ್ಕಮ್ಮನವರ ಮಾತಿಗೆ ಬಲ ಬಂದುದು ಆ ಅಕ್ಕಿಯ ಮೇಲೆ ಅವರಿಗೇ ಆಸೆ ಇಲ್ಲದ್ದರಿಂದ.

ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲದ ದಾರಿ ದೀರ್ಘವಾದುದು. ಅದರ ಮೊದಲ ಮೆಟ್ಟಿಲು ಮಾತ್ರ ನಮ್ಮ ಅಂಗಡಿಯ ಬಾಗಿಲಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ, ಕಚೇರಿಯ ಮೇಜಿನ ಮುಂದೆಯೇ ಇದೆ. ಮರಳಿಸಬೇಕಾದ ಒಂದು ಹಿಡಿ ಅಕ್ಕಿ ಯಾವುದೆಂದು ಪ್ರತಿಯೊಬ್ಬರೂ ಇಂದು ಸಂಜೆಯೇ ಹುಡುಕಿ ನೋಡುವಂತಾಗಲಿ ಎಂದು ಆಶಿಸುತ್ತೇವೆ.