ಎಷ್ಟಾದರೆ ಅತಿ? ಐದನೇ ಗ್ಲಾಸಿನ ಗೆರೆ ಹುಟ್ಟಿದ ಬಗೆ

‘ನಾನೇನು ದಿನಾ ಕುಡಿಯೋನಲ್ಲ, ಶನಿವಾರ ಮಾತ್ರ.’ ಕುಡಿತದ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಕೇಳಿಬರುವ ಉತ್ತರ ಇದು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕುಡುಕ ಎಂದರೆ ಬೆಳಗಾದರೆ ಕೈ ನಡುಗುವವನು, ದುಡಿದದ್ದನ್ನೆಲ್ಲ ಬಾರಿಗೆ ಸುರಿಯುವವನು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ಆರು ದಿನ ಮುಟ್ಟದೆ ಏಳನೆಯ ದಿನ ಕೂತಲ್ಲೇ ಕಂಠಮಟ್ಟ ಏರಿಸುವವನಿಗೆ ಆ ಚಿತ್ರದಲ್ಲಿ ಜಾಗವಿಲ್ಲ.

ವೈದ್ಯರಿಗೂ ಬಹುಕಾಲ ಇವನು ಕಣ್ಣಿಗೆ ಬಿದ್ದಿರಲಿಲ್ಲ. ‘ಬಿಂಜ್’ ಎಂದು ಅವರು ಕರೆಯುತ್ತಿದ್ದದ್ದು ಎರಡು ಮೂರು ದಿನ, ಕೆಲವೊಮ್ಮೆ ವಾರವಿಡೀ ಕೆಲಸ, ಊಟ, ಮನೆ ಮರೆತು ಕುಡಿಯುತ್ತಲೇ ಇರುವುದನ್ನು. ಅದು ವ್ಯಸನಿಗಳ ರೋಗಲಕ್ಷಣ. ಆ ಮಾತು ಒಂದು ಸಂಜೆಯ ಕುಡಿತಕ್ಕೆ ಬಂದು ಅಂಟಿಕೊಂಡದ್ದು 1990ರ ದಶಕದಲ್ಲಿ, ಅಮೆರಿಕದ ಕಾಲೇಜು ಹಾಸ್ಟೆಲ್‌ಗಳ ದೆಸೆಯಿಂದ.

ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಹೆನ್ರಿ ವೆಕ್ಸ್ಲರ್ 1993ರಲ್ಲಿ 140 ಕಾಲೇಜುಗಳ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕಳಿಸಿದರು. ಹದಿನೇಳು ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಪ್ರಶ್ನೆ ನೇರವಾಗಿತ್ತು: ಕಳೆದ ಎರಡು ವಾರಗಳಲ್ಲಿ ಒಂದರ ಹಿಂದೊಂದು ಐದು ಗ್ಲಾಸ್ ಕುಡಿದದ್ದುಂಟೆ? ಈ ಐದರ ಲೆಕ್ಕ ವೆಕ್ಸ್ಲರ್ ಅವರ ಸ್ವಂತದ್ದಲ್ಲ. ಮಿಶಿಗನ್ ವಿಶ್ವವಿದ್ಯಾಲಯ 1975ರಿಂದಲೇ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನು ಹೀಗೆ ಕೇಳುತ್ತ ಬಂದಿತ್ತು. ವೆಕ್ಸ್ಲರ್ ಮಾಡಿದ ತಿದ್ದುಪಡಿ ಒಂದು: ಹೆಣ್ಣುಮಕ್ಕಳಿಗೆ ಐದರ ಬದಲು ನಾಲ್ಕು. ನಾಲ್ಕು ಗ್ಲಾಸ್ ಕುಡಿದ ಹುಡುಗಿಗೂ ಐದು ಕುಡಿದ ಹುಡುಗನಿಗೂ ಬೀಳುವುದು, ಜಗಳ, ತರಗತಿ ತಪ್ಪುವುದು ಇತ್ಯಾದಿ ತೊಂದರೆಗಳು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಬರುತ್ತವೆಂದು ಅವರ ಅಂಕಿಅಂಶಗಳೇ ತೋರಿಸಿದವು. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಗಾಢವಾಗಿ ನಿಲ್ಲುತ್ತದೆ.

1994ರ ಡಿಸೆಂಬರ್‌ನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನೂರಕ್ಕೆ ನಲವತ್ತನಾಲ್ಕು ವಿದ್ಯಾರ್ಥಿಗಳು ಆ ಗೆರೆ ದಾಟಿದ್ದರು. ದೇಶ ಬೆಚ್ಚಿತು, ‘ಬಿಂಜ್ ಡ್ರಿಂಕಿಂಗ್’ ಪತ್ರಿಕೆಗಳ ತಲೆಬರಹವಾಯಿತು. ತಕರಾರೂ ಎದ್ದಿತು. ಸಂಜೆ ಆರರಿಂದ ನಡುರಾತ್ರಿಯವರೆಗೆ ಊಟದ ನಡುವೆ ನಿಧಾನಕ್ಕೆ ಐದು ಕುಡಿದವನೂ, ಒಂದು ಗಂಟೆಯಲ್ಲಿ ಐದನ್ನೂ ಗಟಗಟನೆ ಇಳಿಸಿದವನೂ ಒಂದೇ ಹೇಗಾದಾರು? ಈ ಕ್ಷೇತ್ರದ ಒಂದು ಪ್ರಮುಖ ಸಂಶೋಧನಾ ಪತ್ರಿಕೆಯಂತೂ ದಿನಗಟ್ಟಲೆಯ ಕುಡಿತಕ್ಕೆ ಬಿಟ್ಟು ಬೇರೆಯದಕ್ಕೆ ‘ಬಿಂಜ್’ ಎಂದು ಬರೆಯಬೇಡಿ ಎಂದು ಲೇಖಕರಿಗೆ ನಿಯಮವನ್ನೇ ಮಾಡಿತು.

ತಕರಾರಿನಲ್ಲಿ ಹುರುಳಿತ್ತು. ಎಣಿಸಬೇಕಾದದ್ದು ಗ್ಲಾಸನ್ನಲ್ಲ, ರಕ್ತಕ್ಕೆ ಸೇರಿದ ಮದ್ಯವನ್ನು. ಅದಕ್ಕೆ ಬೇಕಾದ ವಿದ್ಯೆ ಆಗಲೇ ಬೇರೆ ಕಡೆ ಬೆಳೆದು ನಿಂತಿತ್ತು. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲೇ ಕುಡಿದ ಮದ್ಯದ ತೂಕ ಮತ್ತು ಕುಡಿದವನ ತೂಕ ಗೊತ್ತಿದ್ದರೆ ರಕ್ತದ ಮಟ್ಟವನ್ನು ಅಂದಾಜು ಮಾಡುವ ಸೂತ್ರ ಕೊಟ್ಟಿದ್ದರು. ಪೊಲೀಸ್ ಇಲಾಖೆಯಲ್ಲಿದ್ದು ಮುಂದೆ ಪ್ರಾಧ್ಯಾಪಕರಾದ ರಾಬರ್ಟ್ ಬೋರ್ಕನ್‌ಸ್ಟೈನ್ 1954ರಲ್ಲಿ ಉಸಿರು ಊದಿಸಿ ಅಳೆಯುವ ಬ್ರೆತ್‌ಅಲೈಜರ್ ರೂಪಿಸಿದರು. ಅಷ್ಟಕ್ಕೇ ನಿಲ್ಲದೆ, 1962-63ರಲ್ಲಿ ಮಿಶಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಅಪಘಾತ ಮಾಡಿದ ಚಾಲಕರನ್ನೂ, ಏನೂ ಆಗದೆ ಅದೇ ರಸ್ತೆಗಳಲ್ಲಿ ಹೋಗುತ್ತಿದ್ದ ಚಾಲಕರನ್ನೂ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಪರೀಕ್ಷಿಸಿ ಹೋಲಿಸಿದರು. 100 ಮಿಲಿ ಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ದಾಟಿತೆಂದರೆ ಅಪಘಾತದ ಸಂಭವ ಕಡಿದಾಗಿ ಏರುತ್ತಿತ್ತು. ಅಮೆರಿಕದಲ್ಲಿ 2000ನೇ ಇಸವಿಯ ಕಾಯ್ದೆ ಈ 80ನ್ನೇ ಇಡೀ ದೇಶದ ಚಾಲನಾ ಮಿತಿಯಾಗಿಸಿತು. ಒಪ್ಪದ ರಾಜ್ಯಗಳಿಗೆ ಹೆದ್ದಾರಿ ಅನುದಾನಕ್ಕೆ ಕತ್ತರಿ.

2004ರಲ್ಲಿ ಅಲ್ಲಿನ ರಾಷ್ಟ್ರೀಯ ಮದ್ಯ ಸಂಶೋಧನಾ ಸಂಸ್ಥೆ ಗ್ಲಾಸಿನ ಎಣಿಕೆ, ರಕ್ತದ ಮಟ್ಟ ಎರಡನ್ನೂ ಸೇರಿಸಿ ಹೊಸ ವ್ಯಾಖ್ಯೆ ಬರೆಯಿತು: ರಕ್ತದ ಮದ್ಯವನ್ನು 80 ಮಿಲಿಗ್ರಾಂಗೆ ಏರಿಸುವ ಕುಡಿತವೇ ಬಿಂಜ್. ಸಾಮಾನ್ಯವಾಗಿ ಗಂಡಸಿಗೆ ಸುಮಾರು ಎರಡು ಗಂಟೆಯಲ್ಲಿ ಐದು ಗ್ಲಾಸ್, ಹೆಂಗಸಿಗೆ ನಾಲ್ಕು. ಹೀಗೆ, ಸ್ಟೇರಿಂಗ್ ಹಿಡಿಯಲು ಯೋಗ್ಯನಲ್ಲದ ಸ್ಥಿತಿ ಯಾವುದೋ ಅದೇ ಅತಿಕುಡಿತದ ಗೆರೆಯೂ ಆಯಿತು. ನನಗೆ ಇದು ನ್ಯಾಯವಾದ ಗೆರೆ ಅನ್ನಿಸುತ್ತದೆ. ಅದು ಕುಡಿಯುವವನ ಶೀಲದ ಬಗ್ಗೆ ಮಾತಾಡುವುದಿಲ್ಲ, ಆ ಹೊತ್ತಿನಲ್ಲಿ ಅವನ ದೇಹ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ.

ಆದರೆ ಈ ಗೆರೆಯನ್ನು ನಮ್ಮೂರಿಗೆ ಹಾಗೇ ಎತ್ತಿ ತಂದರೆ ಅಪಾಯ. ಅಮೆರಿಕದ ಒಂದು ‘ಡ್ರಿಂಕ್’ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್. ಬ್ರಿಟನ್ನಿನ ಯೂನಿಟ್ 8 ಗ್ರಾಂ, ಅಲ್ಲಿ ಗಂಡಸಿಗೆ 8 ಯೂನಿಟ್, ಹೆಂಗಸಿಗೆ 6 ಯೂನಿಟ್ ದಾಟಿದರೆ ಬಿಂಜ್. ನಮ್ಮ ವೈದ್ಯರು ಬಳಸುವುದು 10 ಗ್ರಾಂ ಅಳತೆ. ವಿಶ್ವ ಆರೋಗ್ಯ ಸಂಸ್ಥೆ ಗ್ಲಾಸಿನ ಗೊಡವೆಯನ್ನೇ ಬಿಟ್ಟು ಒಂದು ಸಲಕ್ಕೆ 60 ಗ್ರಾಂ ಅಥವಾ ಹೆಚ್ಚು ಎಂದು ಹೇಳಿಬಿಟ್ಟಿದೆ.

ಈ 60 ಗ್ರಾಂ ನಮ್ಮ ಕೌಂಟರಿನ ಮೇಲೆ ಎಷ್ಟಾಗುತ್ತದೆ? ವಿಸ್ಕಿ, ರಮ್, ಬ್ರಾಂದಿ ಬಾಟಲಿಯ ಲೇಬಲ್ ಓದಿ: 42.8 ಶೇಕಡಾ ಎಂದಿರುತ್ತದೆ. 180 ಮಿಲಿ ಲೀಟರಿನ ಕ್ವಾರ್ಟರ್‌ನಲ್ಲಿ ಆ ಲೆಕ್ಕಕ್ಕೆ 77 ಮಿಲಿ ಲೀಟರ್ ಆಲ್ಕೋಹಾಲ್. ಆಲ್ಕೋಹಾಲ್ ನೀರಿಗಿಂತ ಹಗುರ, ತೂಗಿದರೆ 61 ಗ್ರಾಂ ಹತ್ತಿರ. ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ನಮ್ಮಲ್ಲಿ ಮುಚ್ಚಳ ಹಾಕಿಕೊಂಡೇ ಮಾರಾಟಕ್ಕಿದೆ. ಒಂದು ಕ್ವಾರ್ಟರ್ ಮುಗಿಸುವುದೇ ಬಿಂಜ್. ಬಾರಿನ ದೊಡ್ಡ ಪೆಗ್ 60 ಮಿಲಿ ಲೀಟರ್, ಅದರಲ್ಲಿ 20 ಗ್ರಾಂ. ‘ಮೂರೇ ಮೂರು ಪೆಗ್’ ಅಂದವನು ಐದರ ಗೆರೆಯಿಂದ ದೂರವಿದ್ದೇನೆ ಅಂದುಕೊಂಡಿರುತ್ತಾನೆ, ಅವನೂ 60 ಗ್ರಾಂ ಮುಟ್ಟಿರುತ್ತಾನೆ. 650 ಮಿಲಿ ಲೀಟರಿನ, 8 ಶೇಕಡಾದ ಸ್ಟ್ರಾಂಗ್ ಬಿಯರ್ ಆದರೆ ಒಂದೂವರೆ ಬಾಟಲಿ.

ಇನ್ನು ದೇಹದ ಗಾತ್ರ. 60 ಕಿಲೋ ತೂಕದ ಗಂಡಸು ಎರಡು ಗಂಟೆಯಲ್ಲಿ ಒಂದು ಕ್ವಾರ್ಟರ್ ಮುಗಿಸಿದರೆ, ವಿಡ್‌ಮಾರ್ಕ್ ಸೂತ್ರದ ಪ್ರಕಾರ ರಕ್ತದಲ್ಲಿ ಸುಮಾರು 120 ಮಿಲಿಗ್ರಾಂ. ಊಟ ಮಾಡಿದ್ದರೆ ಕೊಂಚ ಇಳಿದೀತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30. ಅದರರ್ಧ, ಒಂದು ನೈಂಟಿಯೇ ಅವನನ್ನು 45ರ ಆಸುಪಾಸಿಗೆ ಒಯ್ಯುತ್ತದೆ, ಅಂದರೆ ಬೈಕ್ ಕೀಲಿ ಮುಟ್ಟುವ ಹಾಗಿಲ್ಲ. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚುಕಮ್ಮಿ 7ರಿಂದ 10 ಗ್ರಾಂ. ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮುಗಿದ ಕ್ವಾರ್ಟರ್ ಬೆಳಿಗ್ಗೆ ಆಟೊ, ಟ್ರ್ಯಾಕ್ಟರ್ ಹತ್ತುವಾಗಲೂ ಒಳಗೇ ಉಳಿದಿರಬಹುದು.

ಆರು ದಿನದ ಬಿಡುವು ದೇಹಕ್ಕೆ ರಕ್ಷಣೆ ಎಂಬ ನಂಬಿಕೆಗೂ ಪೆಟ್ಟು ಬಿದ್ದು ಬಹಳ ಕಾಲವಾಯಿತು. 1978ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು, ವಾರಾಂತ್ಯ ಮತ್ತು ಹಬ್ಬದ ಕುಡಿತದ ಬೆನ್ನಿಗೇ ಎದೆಬಡಿತ ತಾಳತಪ್ಪಿ ಆಸ್ಪತ್ರೆ ಸೇರಿದವರನ್ನು ಗಮನಿಸಿ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು.

ನಿಮ್ಹಾನ್ಸ್‌ನ ಮನೋವೈದ್ಯ ವಿವೇಕ್ ಬೆನಗಲ್ ನಮ್ಮ ದೇಶದ ಕುಡಿತದ ರೀತಿಯನ್ನು ಕುರಿತು 2005ರಲ್ಲಿ ಬರೆದಾಗ, ಕುಡಿಯುವವರ ಸಂಖ್ಯೆ ಇಲ್ಲಿ ಕಡಿಮೆ, ಆದರೆ ಕುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪಾಯಕರವಾಗಿ ಕುಡಿಯುತ್ತಾರೆ ಎಂದಿದ್ದರು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಬಳಸುವವರು 14.6 ಶೇಕಡಾ. ನಮ್ಮಲ್ಲಿ ಕುಡಿಯುವುದು ಮತ್ತೇರಲಿ ಎಂದೇ, ಊಟದ ಜೊತೆಗಿನ ರುಚಿಗಲ್ಲ. ತಲಾವಾರು ಲೀಟರ್ ಲೆಕ್ಕ ಹಾಕಿ ‘ನಾವು ಯುರೋಪಿಗಿಂತ ವಾಸಿ’ ಎನ್ನುವವರು ಈ ರೀತಿಯನ್ನು ಕಾಣುವುದೇ ಇಲ್ಲ. ಹೊಡೆತ ತಿನ್ನುವ ಹೆಂಗಸಿಗೂ ರಸ್ತೆಯಲ್ಲಿ ಬಿದ್ದ ಹುಡುಗನಿಗೂ ವರ್ಷದ ಸರಾಸರಿಯಿಂದ ಏನೂ ಆಗಬೇಕಾದ್ದಿಲ್ಲ. ಅವರನ್ನು ತಟ್ಟುವುದು ಆ ಒಂದು ರಾತ್ರಿಯ ಪ್ರಮಾಣ.

ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ಪರೀಕ್ಷಿಸಿ ರೂಪಿಸಿದ ಹತ್ತು ಪ್ರಶ್ನೆಗಳ ‘ಆಡಿಟ್’ ಪಟ್ಟಿಯ ಮೂರನೆಯದು ಇದನ್ನೇ ಕೇಳುತ್ತದೆ: ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ದಿನಕ್ಕೊಮ್ಮೆ? ಆರೋಗ್ಯ ಕಾರ್ಯಕರ್ತರು ಇದನ್ನು ‘ಒಂದು ಕ್ವಾರ್ಟರ್ ಅಥವಾ ಹೆಚ್ಚು’ ಎಂದೇ ಕೇಳಬೇಕೆಂದು ನನ್ನ ಆಸೆ, ಆಗ ಉತ್ತರ ಸರಿಯಾಗಿ ಬರುತ್ತದೆ. ಪ್ರತಿ ತಿಂಗಳು ಎಂದರೆ 2 ಅಂಕ, ಪ್ರತಿ ವಾರ ಎಂದರೆ 3. ಹತ್ತೂ ಪ್ರಶ್ನೆ ಸೇರಿ 8 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣಬೇಕು. ಆಸ್ಪತ್ರೆಗೆ ಹೋಗಲು ಸಂಕೋಚವಿದ್ದವರು ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೆಂಡತಿ, ತಾಯಿ, ಗೆಳೆಯ ಯಾರು ಬೇಕಾದರೂ ಮಾಡಬಹುದು.